ಟಸ್ಕನಿಯ ಬಿಳಿಯ ಹಾದಿಗಳು

ಇಟಲಿಯ ಪ್ರವಾಸವೆಂದರೆ ರೋಮಿನ ಪಾಳುಬಿದ್ದ ಮಹಾರಂಗ, ವೆನಿಸ್ಸಿನ ಕಾಲುವೆ, ಪೀಸಾದ ಓಲುಗೋಪುರ, ಇಷ್ಟನ್ನು ಕಂಡು ಬರುವುದೆಂದೇ ಬಹುಮಂದಿಯ ಎಣಿಕೆ. ಫ್ಲಾರೆನ್ಸಿನ ದಕ್ಷಿಣಕ್ಕೆ, ಸಿಯೆನಾ ನಗರದ ಸುತ್ತಮುತ್ತ ಹಬ್ಬಿರುವ ಕಲ್ಲುಮಣ್ಣಿನ ಹಾದಿಗಳಿಗಾಗಿಯೇ ದೇಶದೇಶಗಳಿಂದ ಜನ ಬರುತ್ತಾರೆಂದರೆ, ಅದೂ ಬೈಸಿಕಲ್ಲು ತುಳಿಯಲೆಂದೇ ಬರುತ್ತಾರೆಂದರೆ, ನಂಬುವುದು ಕಷ್ಟ. ಡಾಂಬರು ಕಾಣದ ರಸ್ತೆಗೆ ಪುರಸಭೆಯನ್ನು ಶಪಿಸುವುದು ಎಲ್ಲ ಊರುಗಳ ವಾಡಿಕೆ. ಟಸ್ಕನಿಯ ಜನ ಅಂಥ ರಸ್ತೆಗೆ ‘ಸ್ತ್ರಾದೆ ಬಿಯಾಂಕೆ’ ಎಂದು ಹೆಸರಿಟ್ಟು ಹಬ್ಬವನ್ನೇ ಮಾಡುತ್ತಾರೆ. ಹೆಸರಿನ ಅರ್ಥ ‘ಬಿಳಿಯ ರಸ್ತೆಗಳು’ ಎಂದಷ್ಟೆ.

ಸುಣ್ಣಕಲ್ಲಿನ ಚೂರು ಹರಡಿದ ಈ ಹಾದಿಗಳು ಬಿಸಿಲಿನಲ್ಲಿ ಹಿಟ್ಟು ಚೆಲ್ಲಿದಂತೆ ಹೊಳೆಯುತ್ತವೆ. ಒಂದು ಬದಿಗೆ ದ್ರಾಕ್ಷಿಯ ಸಾಲು, ಇನ್ನೊಂದು ಬದಿಗೆ ಬೂದುಹಸುರಿನ ಆಲಿವ್ ತೋಪು; ಗುಡ್ಡದ ನೆತ್ತಿಯಲ್ಲಿ ಒಂಟಿ ಮನೆ; ಮನೆಯವರೆಗೂ ದೀಪಸ್ತಂಭಗಳಂತೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ಗಂಟೆಗೊಮ್ಮೆ ಒಂದು ಟ್ರ್ಯಾಕ್ಟರು ಎದುರಾದರೆ ಅದೇ ಜನಸಂದಣಿ.

ಈ ನಿಶ್ಶಬ್ದಕ್ಕೆ ಒಂದು ಚರಿತ್ರೆಯಿದೆ, ಅದು ಅಷ್ಟೇನೂ ಸುಂದರವಾದುದಲ್ಲ. ಶತಮಾನಗಳ ಕಾಲ ಇಲ್ಲಿನ ಭೂಮಿ ‘ಮೆದ್ಸಾದ್ರಿಯಾ’ ಎಂಬ ಪದ್ಧತಿಯಲ್ಲಿ ಸಾಗುವಳಿಯಾಗುತ್ತಿತ್ತು. ಭೂಮಿ, ಮನೆ ಒಡೆಯನದು; ದುಡಿಮೆ ರೈತನ ಕುಟುಂಬದ್ದು; ಬೆಳೆದುದರಲ್ಲಿ ಇಬ್ಬರಿಗೂ ಅರ್ಧರ್ಧ. ಹಳೆಯ ಮೈಸೂರಿನ ಕಡೆ ಭೂಮಿಯನ್ನು ‘ವಾರಕ್ಕೆ’ ಕೊಡುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣದು. ಗುಡ್ಡಗುಡ್ಡದ ಮೇಲೂ ಒಂದೊಂದು ಒಕ್ಕಲು ಮನೆ; ಕೆಳಗೆ ದನದ ಕೊಟ್ಟಿಗೆ, ಮೇಲಂತಸ್ತಿನಲ್ಲಿ ತುಂಬು ಸಂಸಾರ. ಆ ಮನೆಗಳನ್ನು ಹೊಲಕ್ಕೆ, ಇಗರ್ಜಿಗೆ, ಸಂತೆಗೆ ಕೂಡಿಸಿದ ಗಾಡಿದಾರಿಗಳೇ ಇಂದಿನ ಬಿಳಿಯ ಹಾದಿಗಳು. ಎರಡನೆಯ ಮಹಾಯುದ್ಧದ ತರುವಾಯ ಮಕ್ಕಳು ನಗರಗಳ ಕಾರ್ಖಾನೆಗಳನ್ನು ಅರಸಿ ಹೊರಟರು. 1964ರ ಕಾನೂನು ಹೊಸ ಪಾಲು ಕರಾರುಗಳನ್ನು ನಿಷೇಧಿಸಿತು. ಆ ವೇಳೆಗೆ ಮನೆಗಳು ಬರಿದಾಗತೊಡಗಿದ್ದವು. ವಾಸಿಸುವವರೇ ಇಲ್ಲದ ಮನೆಯ ದಾರಿಗೆ ಡಾಂಬರು ಕೇಳುವವರಾರು? ಕೇಳುವವರಿಲ್ಲದ ಕಾರಣ ಎಷ್ಟೋ ಹಾದಿಗಳು ಉಳಿದುಕೊಂಡವು. ಉಳಿದವೂ ಒಂದೊಂದಾಗಿ ಡಾಂಬರಿನಡಿ ಸೇರುವುದರಲ್ಲಿದ್ದವು.

ಅದನ್ನು ತಡೆಯಲು ಒಂದು ವಿಚಿತ್ರ ಉಪಾಯ ಹೂಡಿದವರು ಜಾನ್ಕಾರ್ಲೊ ಬ್ರೊಚ್ಚಿ. 1997ರಲ್ಲಿ ಕಿಯಾಂತಿ ಸೀಮೆಯ ಗಾಯೋಲೆ ಎಂಬ ಪುಟ್ಟ ಊರಿನಿಂದ ಅವರು ‘ಲೆರೋಯಿಕಾ’ ಎಂಬ ಸವಾರಿಯನ್ನು ಹೊರಡಿಸಿದರು. ವೀರಯಾತ್ರೆಯೆಂದು ಹೇಳಬಹುದಾದ ಹೆಸರು. ಬಾರ್ತಾಲಿ, ಕೊಪ್ಪಿ ಮೊದಲಾದ ಇಟಲಿಯ ಹಿಂದಿನ ಸೈಕಲ್ ವೀರರು ಇಂಥ ಧೂಳಿನಲ್ಲೇ ಗೆದ್ದವರಲ್ಲವೇ? ಮೊದಲ ವರ್ಷ ಬಂದವರು 92 ಮಂದಿ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ. 1987ಕ್ಕೆ ಹಿಂದಿನ ರೇಸಿನ ಬೈಸಿಕಲ್ಲು, ಉಣ್ಣೆಯ ಜರ್ಸಿ, ಹೆಗಲಿಗೆ ಸುತ್ತಿದ ಬಿಡಿ ಟೈರು, ಇದು ಅಲ್ಲಿನ ವೇಷ. ಬಹುಮಾನವನ್ನು ಅರಸಿ ಬರುವವರ ಪಂದ್ಯ ಇದಲ್ಲ. ಪಂದ್ಯ ಬೇಕೆನ್ನುವವರಿಗಾಗಿ 2007ರಿಂದ ಬೇರೊಂದು ವೃತ್ತಿಪರ ಸ್ಪರ್ಧೆಯೇ ನಡೆಯುತ್ತಿದೆ; ಅದರ ಹೆಸರೂ ಈಗ ‘ಸ್ತ್ರಾದೆ ಬಿಯಾಂಕೆ’.

ಜಾತ್ರೆಯ ಗದ್ದಲ ಬೇಡವೆನ್ನುವವನು ವರ್ಷದ ಬೇರಾವ ದಿನವಾದರೂ ಹೋಗಬಹುದು. 209 ಕಿಲೋಮೀಟರಿನ ದಾರಿಯುದ್ದಕ್ಕೂ ಶಾಶ್ವತ ಕೈಮರಗಳನ್ನು ನೆಟ್ಟಿದ್ದಾರೆ; ಸರಿಸುಮಾರು ಅರ್ಧ ದಾರಿ ಬಿಳಿಯದು. ಹತ್ತಿದ ಏರುಗಳನ್ನೆಲ್ಲ ಕೂಡಿಸಿದರೆ 3,000 ಮೀಟರಿಗೂ ಮಿಕ್ಕುತ್ತದೆ. ಆದ್ದರಿಂದ ಮೂರು ನಾಲ್ಕು ದಿನಗಳಿಗೆ ಹಂಚಿಕೊಳ್ಳುವುದೇ ವಿವೇಕ. ಇದಕ್ಕೆ ಒಪ್ಪುವ ವಾಹನ ಇಂದು ಗ್ರಾವೆಲ್ ಬೈಕ್ ಎಂದು ಪ್ರಸಿದ್ಧವಾದ ಜಲ್ಲಿಹಾದಿಯ ಬೈಸಿಕಲ್ಲು. ಹ್ಯಾಂಡಲ್ಲು ರೇಸಿನದರಂತೆ ಕೆಳಕ್ಕೆ ಬಾಗಿದ್ದು; ಟೈರು ಮಾತ್ರ 40 ಮಿಲಿಮೀಟರಿನ ಆಸುಪಾಸಿನ ಅಗಲದ್ದು, ಗಾಳಿಯೂ ಕಡಿಮೆ. ಬಿರುಸಾಗಿ ಗಾಳಿ ತುಂಬಿದ ಸಣ್ಣ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಮೆತ್ತನೆಯ ಅಗಲ ಟೈರು ಕಲ್ಲನ್ನು ತಬ್ಬಿಕೊಂಡು ಉರುಳುತ್ತದೆ. ಏರಿಗೆ ಹಗುರ ಗೇರು, ಇಳಿಜಾರಿಗೆ ಡಿಸ್ಕ್ ಬ್ರೇಕು. ಸಾಮಾನು ಎರಡು ಚೀಲಕ್ಕೆ ಮೀರದಿದ್ದರೆ ಮೊಣಕಾಲು ಸವಾರನನ್ನು ಹರಸುತ್ತದೆ.

ಗಾಯೋಲೆಯಿಂದ ಹೊರಟವನಿಗೆ ಮೊದಲು ಎದುರಾಗುವುದು ಬ್ರೋಲಿಯೊ ಕೋಟೆಯ ಏರು. ಅಕ್ಟೋಬರಿನ ಉತ್ಸವದ ದಿನ ನಸುಕಿಗೆ ಮುನ್ನ ಹೊರಡುವವರಿಗಾಗಿ ಈ ಏರಿನ ಇಕ್ಕೆಲಕ್ಕೂ ಹಣತೆ ಹಚ್ಚಿಡುತ್ತಾರೆ. ಕೋಟೆ ರಿಕಾಸೊಲಿ ಮನೆತನದ್ದು. ಏಕೀಕೃತ ಇಟಲಿಗೆ ಕಾವೂರನ ನಂತರ ಪ್ರಧಾನಿಯಾದ ಬೆತ್ತಿನೊ ರಿಕಾಸೊಲಿ ಇಲ್ಲಿಯವನೇ. ಕಿಯಾಂತಿ ದ್ರಾಕ್ಷಾಮದ್ಯದ ಹದವನ್ನು ಗೊತ್ತುಮಾಡಿದವನೂ ಅವನೇ.

ದಾರಿ ಸಿಯೆನಾದ ಅಂಚಿನಲ್ಲಿ ಹಾಯುತ್ತದೆ. ಅಲ್ಲಿ ಬೈಸಿಕಲ್ಲನ್ನು ಒರಗಿಸಿ, ಹಳೆಯ ಪುರಭವನದೊಳಕ್ಕೆ ಹೋಗದೆ ಮುಂದೆ ಸಾಗಬಾರದು. 1338–39ರಲ್ಲಿ ಆಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ ಅಲ್ಲಿನ ಗೋಡೆಯ ಮೇಲೆ ಒಳ್ಳೆಯ ಆಡಳಿತದ ಫಲವನ್ನು ಚಿತ್ರಿಸಿದ್ದಾನೆ. ನಗರದ ಹೆಬ್ಬಾಗಿಲಿನಿಂದ ಒಂದು ಹಾದಿ ಇಳಿದು ಹೊಲಗಳ ನಡುವೆ ಸಾಗುತ್ತದೆ. ಸಿರಿವಂತರು ಕುದುರೆಯೇರಿ ಕೆಳಗಿಳಿಯುತ್ತಿದ್ದಾರೆ; ರೈತರು ಹೇರು ಹೊತ್ತ ಕತ್ತೆಗಳೊಡನೆ ಮೇಲೇರುತ್ತಿದ್ದಾರೆ. ಮೇಲ್ಗಡೆ ಅಭಯದೇವತೆಯೊಬ್ಬಳು ಹಾರುತ್ತಿದ್ದಾಳೆ. ಅವಳ ಒಂದು ಕೈಯಲ್ಲಿ ಗಲ್ಲುಗಂಬ! ನಿರ್ಭಯವಾಗಿ ಹಾದಿ ನಡೆಯುವುದು ಎಷ್ಟು ದುರ್ಲಭವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊರಬಂದು ಮತ್ತೆ ಪೆಡಲು ತುಳಿದವನಿಗೆ ಚಿತ್ರದ ಗುಡ್ಡಗಳೇ ಎದುರು ನಿಂತಂತೆ ಭಾಸವಾಗುತ್ತದೆ.

ಸಿಯೆನಾದ ಆಗ್ನೇಯಕ್ಕೆ ನೆಲದ ಬಣ್ಣವೇ ಬದಲಾಗುತ್ತದೆ. ‘ಕ್ರೇತೆ’ ಎಂದು ಕರೆಯುವ ಈ ಜೇಡಿಮಣ್ಣಿನ ಗುಡ್ಡಗಳು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದವು. ಮರವಿಲ್ಲ, ನೆರಳಿಲ್ಲ, ವಸಂತದಲ್ಲಿ ಎಳೆಗೋದಿಯ ಹಸುರು, ಬೇಸಗೆ ಕಳೆದರೆ ಉತ್ತ ಮಣ್ಣಿನ ಬೂದುಬಣ್ಣ. ಮಳೆ ಬಂದಿತೋ, ಬಯಲುಸೀಮೆಯ ಎರೆಭೂಮಿಯಲ್ಲಿ ಗಾಡಿ ಹೊಡೆದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. 2018ರ ಮಾರ್ಚಿಯ ಸ್ಪರ್ಧೆ ಮಳೆಯಲ್ಲೇ ನಡೆಯಿತು. ಸ್ಪರ್ಧಿಗಳ ಮುಖ ಗುರುತು ಸಿಗದಷ್ಟು ಕೆಸರು. ಸಿಯೆನಾದ ಕೊನೆಯ ಕಡಿದಾದ ಬೀದಿಯಲ್ಲಿ ಬೆಲ್ಜಿಯಮ್ಮಿನ ವೌಟ್ ವಾನ್ ಆರ್ಟ್ ಸ್ನಾಯು ಹಿಡಿದು ಉರುಳಿಬಿದ್ದು, ಮತ್ತೆ ಬೈಸಿಕಲ್ಲೇರಲು ಪಟ್ಟ ಪಾಡು ಹೇಳತೀರದು. ಆದರೂ ಮೂರನೆಯವನಾಗಿ ಬಂದ. ಸಾಮಾನ್ಯ ಸವಾರ ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರನ್ನು ಆರಿಸಿಕೊಂಡು ಒಣ ದಿನದಲ್ಲಿ ಹೋದರೆ ಕ್ಷೇಮ. ಬೇಸಗೆಯಲ್ಲಿ ನೀರಿಗೆ ಪರದಾಟ. ಎರಡು ಸೀಸೆಗಿಂತ ಕಡಿಮೆ ಒಯ್ಯಬಾರದು.

ಬುವೊನ್‌ಕೊನ್ವೆಂತೊ ಎಂಬ ಕೋಟೆಯೂರಿನಲ್ಲಿ 1313ರಲ್ಲಿ ಚಕ್ರವರ್ತಿ ಏಳನೆಯ ಹೆನ್ರಿ ಕಾಲವಾದನೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಅದಕ್ಕಿಂತ ಮಿಗಿಲಾದುದು ಅಲ್ಲಿನ ಪಾಲುಗೇಣಿಯ ವಸ್ತುಸಂಗ್ರಹಾಲಯ. ನೇಗಿಲು, ನೊಗ, ಅಡಿಗೆಮನೆಯ ಪಾತ್ರೆಪರಡಿ. ಚಕ್ರವರ್ತಿಗಳಿಗಿಂತ ಹೆಚ್ಚು ದಿನ ಈ ನೆಲದಲ್ಲಿ ಬಾಳಿದವರ ಆಸ್ತಿ.

ಅಶ್ಚಾನೊ ದಾಟಿದ ಮೇಲೆ ಬರುವ ಮೊಂತೆ ಸಾಂತೆ ಮರಿಯೆಯ ಹಾದಿ ಎಲ್ಲಕ್ಕೂ ಕಠಿಣ, ಎಲ್ಲಕ್ಕೂ ಚೆಲುವು. ಹನ್ನೊಂದೂವರೆ ಕಿಲೋಮೀಟರು, ಗುಡ್ಡದ ಬೆನ್ನಿನ ಮೇಲೆ ಏರಿಳಿತ. 2008, 2012, 2016ರಲ್ಲಿ ಗೆದ್ದ ಸ್ವಿಟ್ಸರ್ಲೆಂಡಿನ ಫಾಬಿಯನ್ ಕಾನ್ಸೆಲಾರಾನ ಹೆಸರನ್ನು ಈ ಭಾಗಕ್ಕೆ ಇಟ್ಟಿದ್ದಾರೆ. ಒಕ್ಕಲುಗಳು ಬಿಟ್ಟುಹೋದ ಈ ಕಡೆಯ ಭೂಮಿಗೆ ಸಾರ್ಡೀನಿಯಾ ದ್ವೀಪದ ಕುರಿಗಾಹಿಗಳು ಬಂದು ನೆಲಸಿದರು. ಮಂದೆ ಕಾಯುವ ದೊಡ್ಡ ಬಿಳಿಯ ನಾಯಿ ಅಡ್ಡಬಂದರೆ ವೇಗ ಹೆಚ್ಚಿಸುವುದು ಮೂರ್ಖತನ. ಇಳಿದು, ಬೈಸಿಕಲ್ಲನ್ನು ನಡುವೆ ಇಟ್ಟುಕೊಂಡು, ಮೆಲ್ಲನೆ ನಡೆದುಹೋಗಬೇಕು.

ರಾತ್ರಿಯ ತಂಗುದಾಣ ಬಹುಶಃ ಹಳೆಯ ಒಕ್ಕಲು ಮನೆಯೇ ಆಗಿರುತ್ತದೆ. ಕೃಷಿಕರು ಅತಿಥಿಗಳನ್ನು ಇಳಿಸಿಕೊಳ್ಳಲು 1985ರ ಕಾನೂನು ದಾರಿ ಮಾಡಿತು. ದನ ಕಟ್ಟುತ್ತಿದ್ದ ಕಡೆ ಈಗ ಊಟದ ಕೋಣೆ. ಎದುರಿಗೆ ಬರುವುದು ‘ರಿಬೊಲ್ಲೀತಾ’: ತಂಗಳು ಬ್ರೆಡ್ಡು, ಬೀನ್ಸ್ ಕಾಳು, ಎಲೆಕೋಸುಗಳನ್ನು ಮರಳಿ ಕುದಿಸಿದ ಸಾರು. ನಿನ್ನೆಯದನ್ನು ಇಂದಿಗೆ ಸಾಗಿಸುವ ಬಡವರ ಅಡಿಗೆ. ಇಂದು ಅದಕ್ಕೆ ಒಳ್ಳೆಯ ಬೆಲೆ. ಹಾದಿಯ ಕಥೆಯೂ ಹಾಗೆಯೇ. ಧೂಳು ಒಂದು ದಿನದ ಸವಾರನಿಗೆ ಸೊಬಗು. ಮನೆಯ ಮುಂದೆ ಬಟ್ಟೆ ಒಣಹಾಕುವ ಗೃಹಿಣಿಗೆ, ಮಳೆಗಾಲದಲ್ಲಿ ವೈದ್ಯರನ್ನು ಕರೆತರಬೇಕಾದ ಮುದುಕರಿಗೆ ಹಾಗಲ್ಲ. ಡಾಂಬರು ಕೇಳುವ ಹಕ್ಕು ಅವರಿಗಿಲ್ಲವೆನ್ನಲು ಹೊರಗಿನವನು ಯಾರು? ಡಾಂಬರು ಬಿದ್ದರೆ ಮೋಟಾರುಗಳು ಭರಭರನೆ ಬರುತ್ತವೆ, ಅತಿಥಿಗಳು ಬೇರೆಡೆಗೆ ಹೊರಳುತ್ತಾರೆ, ಅತಿಥಿಗಳಿಂದಲೇ ಉಸಿರಾಡುವ ಮನೆ ಮತ್ತೆ ಬೀಗ ಕಾಣಬಹುದು. ಸದ್ಯಕ್ಕೆ ತಕ್ಕಡಿ ಜಲ್ಲಿಯ ಕಡೆಗೇ ವಾಲಿದೆ.

ಕೊನೆಯ ದಿನದ ದಾರಿ ಮತ್ತೆ ಕಿಯಾಂತಿಯ ಕಾಡುಗುಡ್ಡಗಳಿಗೆ ಹೊಕ್ಕು, ರಾದ್ದಾ ಊರಿನ ಏರು ಹತ್ತಿಸಿ, ಗಾಯೋಲೆಗೆ ಇಳಿಸುತ್ತದೆ. ಅಲ್ಲಿಗೆ ತಲಪುವ ವೇಳೆಗೆ ಸವಾರನ ಹುಬ್ಬು, ಚೀಲ, ಸರಪಳಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಸರಪಳಿಯನ್ನು ಅಂದೇ ಒರೆಸಿ ಎಣ್ಣೆ ಬಿಡುವುದು ಲೇಸು. ಬಟ್ಟೆಯ ಧೂಳು ಎರಡು ಒಗೆತಕ್ಕೆ ಹೋಗುತ್ತದೆ.