ಮಾಯಲು ಬೇಕಾದ ಕಾಲ

ಮಧುಮೇಹವುಳ್ಳ ಹಿರಿಯರನ್ನು ಸೋಂಕು ಹಿಡಿದಾಗ, ಆಸ್ಪತ್ರೆಯಿಂದ ಬಿಟ್ಟು ಕಳುಹಿಸಿದ ದಿನವೇ ಅವರು ಗುಣಮುಖರಾದರೆಂದು ಮನೆಯವರು ತಿಳಿಯುವುದುಂಟು. ದೇಹದ ಲೆಕ್ಕವೇ ಬೇರೆ. ಅರುವತ್ತಾರರ ಪ್ರಾಯದ, ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಬಾಳುತ್ತಿರುವ ನಮಗೆ ಕಳೆದ ಶ್ರಾವಣದಿಂದೀಚೆಗೆ ಈ ಲೆಕ್ಕವು ಚೆನ್ನಾಗಿ ಮನವರಿಕೆಯಾಗಿದೆ.

ಎಡಗಾಲಿನ ಹಿಮ್ಮಡಿಯ ಸಣ್ಣದೊಂದು ಬಿರುಕಿನಿಂದ ಸೋಂಕು ಒಳಹೊಕ್ಕಿತು. ಬಹುಕಾಲದ ಮಧುಮೇಹದಿಂದ ನರಗಳು ಜಡವಾಗಿದ್ದುದರಿಂದ ನೋವಿರಲಿಲ್ಲ, ಜ್ವರವೂ ಇರಲಿಲ್ಲ. ಪ್ರವಚನದ ನಡುವೆ ನಿತ್ಯ ಬಳಸುವ ಪದವೊಂದು ನಾಲಿಗೆಗೆ ಬಾರದಾಯಿತು. ಮನೆಗೆ ಬಂದ ಮೇಲೆ ತಮ್ಮನ ಮಗನು “ದೊಡ್ಡಪ್ಪಾರ, ಇವತ್ತು ಯಾವ ವಾರ?” ಎಂದು ಕೇಳಿದುದಕ್ಕೆ ಸೋಮವಾರವೆಂದೆವಂತೆ, ಅಂದು ಗುರುವಾರ. ರಕ್ತದ ಸಕ್ಕರೆ 412 ಇತ್ತು. ವೃದ್ಧರಲ್ಲಿ ಸೋಂಕು ಜ್ವರವಿಲ್ಲದೆಯೂ ಬರಬಹುದು. ಮಾತು ತಡವರಿಸುವುದು, ಊಟ ಬೇಡವಾಗುವುದು, ಹತೋಟಿಯಲ್ಲಿದ್ದ ಸಕ್ಕರೆ ಏಕಾಏಕಿ ಏರುವುದು ಇವೇ ಅದರ ಮೊದಲ ಸುಳಿವಾಗಬಹುದು. ವಯಸ್ಸಾಯಿತು, ಮರೆವು ಬಂದಿದೆ ಎಂದು ಸುಮ್ಮನಿರುವ ಮನೆಗಳು ಈ ಮಾತನ್ನು ಗಮನಿಸಬೇಕು.

ಸೋಂಕಿನೊಡನೆ ಹೋರಾಡುವಾಗ ಶರೀರವು ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ರಸಗಳನ್ನು ಹೆಚ್ಚು ಸ್ರವಿಸುತ್ತದೆ. ಅವು ಸಕ್ಕರೆಯನ್ನು ಏರಿಸುತ್ತವೆ. ಏರಿದ ಸಕ್ಕರೆಯು ಬಿಳಿಯ ರಕ್ತಕಣಗಳ ಬಲವನ್ನು ಕುಂದಿಸುತ್ತದೆ. ಈ ಸುಳಿಯಿಂದ ಬಿಡಿಸಲೆಂದೇ ವೈದ್ಯರು ಮಾತ್ರೆಗಳನ್ನು ನಿಲ್ಲಿಸಿ ಇನ್ಸುಲಿನ್ ಆರಂಭಿಸಿದರು. ನೋಡಲು ಬಂದ ಬಂಧುಗಳು “ಒಮ್ಮೆ ಹಿಡಿದರೆ ಅದು ಬಿಡುವುದಿಲ್ಲ” ಎಂದು ನಿಟ್ಟುಸಿರಿಟ್ಟರು. 1922ರಲ್ಲಿ ಟೊರಾಂಟೊ ನಗರದ ಬಾಲಕನೊಬ್ಬನಿಗೆ ಮೊದಲು ಕೊಟ್ಟ ಈ ಔಷಧವು ಅಂದಿನಿಂದ ಎಷ್ಟು ಜೀವಗಳನ್ನು ಉಳಿಸಿದೆ! ಅದರ ಮೇಲಿನ ಈ ಅಪವಾದ ಮಾತ್ರ ನಮ್ಮ ಊರುಗಳಲ್ಲಿ ಹೋಗಲೊಲ್ಲದು. ನಮಗೆ ಎರಡು ತಿಂಗಳ ತರುವಾಯ ಮಾತ್ರೆಗಳೇ ಸಾಕಾದವು.

ಕಾಲು ಉಳಿಯುವುದೇ ಎಂಬ ಪ್ರಶ್ನೆಯನ್ನು ಕೇಳಲು ನಮಗೆ ಎರಡು ದಿನ ಧೈರ್ಯವಾಗಲಿಲ್ಲ. ಶಸ್ತ್ರವೈದ್ಯರು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿ, “ರಕ್ತ ಹರಿಯುತ್ತಿದೆ ಅಜ್ಜಾರ, ರಕ್ತ ಬಂದಲ್ಲಿಗೆ ಔಷಧವೂ ಬರುತ್ತದೆ” ಎಂದರು. ಕೀವನ್ನು ಹೊರತೆಗೆದು, ಸತ್ತ ಮಾಂಸವನ್ನು ಕತ್ತರಿಸಿ, ಹನ್ನೊಂದು ದಿನ ಇರಿಸಿಕೊಂಡರು.

ಕಠಿಣವಾದುದು ಮನೆಗೆ ಬಂದ ಮೇಲೆ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ತೊಡೆಯ ಮಾಂಸವು ಸೊರಗಿ, ಕೈಯೂರದೆ ಏಳಲಾಗುತ್ತಿರಲಿಲ್ಲ. ಸಕ್ಕರೆಯ ಭಯದಿಂದ ಎಲ್ಲರೂ ನಮಗೆ ತಿಳಿಗಂಜಿಯನ್ನೇ ವಿಧಿಸಿದ್ದರು. ಗಾಯ ಮಾಯಲು ಪ್ರೋಟೀನ್ ಬೇಕೆಂದು ವೈದ್ಯರು ಹೇಳಿ, ನಮ್ಮ ಮೂತ್ರಪಿಂಡದ ಪರೀಕ್ಷೆ ನೋಡಿಕೊಂಡು, ಮೊಳಕೆ ಹೆಸರುಕಾಳು, ಗಟ್ಟಿ ಬೇಳೆ, ಮೊಸರು ಹೆಚ್ಚಿಸಿದರು. ಸೋಮವಾರದ ಉಪವಾಸವನ್ನೂ ನಿಲ್ಲಿಸಿದೆವು. ಇನ್ಸುಲಿನ್ ಚುಚ್ಚಿಸಿಕೊಂಡು ಉಣ್ಣದಿದ್ದರೆ ಸಕ್ಕರೆಯು 70ಕ್ಕಿಂತ ಕೆಳಗಿಳಿದು ಅಪಾಯವಾಗುತ್ತದೆ. ಒಂದು ಬೆಳಗಿನ ಜಾವ ಮೈಯೆಲ್ಲ ಬೆವರಿ ನಡುಗಿದಾಗ ಅದು 58 ಇತ್ತು. ಸಕ್ಕರೆ ಕಲಸಿದ ನೀರು ಕುಡಿಸಿದರು.

ಹತ್ತು ವಾರ ಹಿಮ್ಮಡಿಯನ್ನು ನೆಲಕ್ಕೆ ಊರಕೂಡದೆಂಬ ಕಟ್ಟಳೆಯಿತ್ತು. ಭಾರ ಬಿದ್ದರೆ ಮಾಯುತ್ತಿರುವ ಗಾಯವು ಮತ್ತೆ ಒಡೆಯುತ್ತದೆ. ಬಾಲ್ಯದಲ್ಲಿ ಮಠದಲ್ಲಿ ಗುರುಗಳ ಪಾದಕ್ಕೆ ನೀರೆರೆದು ಬೆಳೆದವರು ನಾವು. ಈಗ ತಮ್ಮನ ಮಗನು ನಿತ್ಯವೂ ಕುಕ್ಕರಗಾಲಿನಲ್ಲಿ ಕುಳಿತು ನಮ್ಮ ಪಾದದ ಹುಣ್ಣನ್ನು ತೊಳೆದು ಪಟ್ಟಿ ಕಟ್ಟುತ್ತಿದ್ದನು. ಮೊದಲ ವಾರ ನಾಚಿಕೆಯಿಂದ ನಾವು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದೆವು. “ದೊಡ್ಡಪ್ಪಾರ, ಈ ಕಡೆ ನೋಡ್ರಿ, ಕೆಂಪು ಮಾಂಸ ಬಂದೈತಿ” ಎಂದು ಅವನು ಒಂದು ದಿನ ಕೂಗಿದಾಗ ನಾವೂ ಬಗ್ಗಿ ನೋಡಿದೆವು.

ಕಾರ್ತಿಕದಲ್ಲಿ ಗಾಯವು ಮುಚ್ಚಿತು. ಮೆತ್ತನೆಯ ಅಟ್ಟೆಯ ಪಾದರಕ್ಷೆಗಳನ್ನು ಅಳತೆ ಕೊಟ್ಟು ಹೊಲಿಸಿದ್ದೇವೆ. ರಾತ್ರಿ ಮಲಗುವ ಮುನ್ನ ಕೈಗನ್ನಡಿ ಹಿಡಿದು ಎರಡೂ ಅಂಗಾಲುಗಳನ್ನು ನೋಡುತ್ತೇವೆ. ನಮಗೆ ಕಾಣದ ಮೂಲೆಯನ್ನು ಮನೆಯವರು ನೋಡುತ್ತಾರೆ.