ಸೂರಿಗೊಂದು ತೂತು

ಮನೆಯ ಸೂರಿನಲ್ಲಿ ತೂತು ಕಂಡರೆ ಮುಚ್ಚಬೇಕೆಂಬುದನ್ನು ಮಲೆನಾಡಿನ ಮಗುವಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಗಟ್ಟಿಮುಟ್ಟಾಗಿರುವ ಸೂರಿನ ಮೇಲೆ ತಾನಾಗಿ ಹತ್ತಿ ತೂತು ಕೊರೆಯ ಹೊರಟವನನ್ನು ಏನೆಂದು ಕರೆಯಬೇಕು? ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿ, ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಏಣಿಯ ತುದಿಯಲ್ಲಿ ನಿಂತು ಕೈಯಲ್ಲಿ ವಿದ್ಯುತ್ ಬೈರಿಗೆ ಹಿಡಿದಿದ್ದ ರಾಯರು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುತ್ತಿದ್ದರು. ಅವರ ಮುಂದಿದ್ದುದು ಮನೆಯ ಸೂರಲ್ಲ. ಮನೆಯಾಗಲು ಹೊರಟಿದ್ದ ಒಂದು ವ್ಯಾನಿನ ಸೂರು. ಬಿಳಿಯ ಬಣ್ಣದ ಉಕ್ಕಿನ ತಗಡು. ಎಲ್ಲಿಯೂ ಒಂದು ಗೀರಿಲ್ಲ. ಅದರ ಮೇಲೆ ಪೆನ್ಸಿಲಿನಿಂದ ಬರೆದ, ನಾಣ್ಯದಷ್ಟಗಲದ ಒಂದು ವೃತ್ತ. ಆ ವೃತ್ತವನ್ನು ಬರೆದು ಆಗಲೇ ಒಂದು ವಾರವಾಗಿದ್ದಿತು.

ರಾಯರು ತೀರ್ಥಹಳ್ಳಿಯ ಕಡೆಯವರು. ಹುಟ್ಟಿ ಬೆಳೆದದ್ದು ಹೆಂಚಿನ ಮನೆಯಲ್ಲಿ. ಮಳೆಗಾಲಕ್ಕೆ ಮುನ್ನ ತಂದೆಯವರು ಆಳುಗಳನ್ನು ಕರೆದು ಎಷ್ಟೇ ಹೆಂಚು ಕೈಯಾಡಿಸಲಿ, ಆಷಾಢದ ಮಳೆ ತನ್ನ ದಾರಿಯನ್ನು ತಾನು ಕಂಡುಕೊಳ್ಳುತ್ತಿದ್ದಿತು. ನಡುಮನೆಯಲ್ಲೊಂದು ಕೊಳಗ, ಅಡುಗೆಮನೆಯಲ್ಲೊಂದು ತಪ್ಪಲೆ, ಮಕ್ಕಳು ಮಲಗುವಲ್ಲಿ ಒಂದು ತಂಬಿಗೆ. ಒಂದೊಂದು ಪಾತ್ರೆಯದೂ ಒಂದೊಂದು ನಾದ. ಅರ್ಧರಾತ್ರಿಯಲ್ಲಿ ಅದು ಬದಲಾದರೆ, ಪಾತ್ರೆ ತುಂಬಿತೆಂದು ತಿಳಿದು ತಾಯಿ ಎದ್ದುಹೋಗಿ ಚೆಲ್ಲಿ ಬರುತ್ತಿದ್ದರು. ಆ ನಾದ ಐವತ್ತು ವರ್ಷಗಳಾದರೂ ರಾಯರ ಕಿವಿಯಿಂದ ಹೋಗಿಲ್ಲ. ಸೋರದ ಸೂರಿನ ಬೆಲೆ ಸೋರುವ ಸೂರಿನ ಕೆಳಗೆ ಮಲಗಿದವನಿಗಲ್ಲದೆ ಬೇರಾರಿಗೆ ಗೊತ್ತು?

ಅಂಥವರು ಬೈರಿಗೆ ಹಿಡಿದುದಕ್ಕೆ ಕಾರಣ ಅವರ ಶ್ರೀಮತಿಯವರು. ಸರಿಯಾಗಿ ಹೇಳುವುದಾದರೆ, ಅವರ ಔಷಧ. ಆಕೆಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಬೇಕು. ಬಳಸಲು ತೆರೆದ ಸೀಸೆ ಕೆಲವು ವಾರ ಹೊರಗಿದ್ದರೂ ನಡೆದೀತು, ಬಿಸಿಲ ಬೇಗೆ ತಾಗಬಾರದಷ್ಟೆ. ತೆರೆಯದೆ ಕೂಡಿಟ್ಟ ಸೀಸೆಗಳು ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಹೆಪ್ಪುಗಟ್ಟಿದರಂತೂ ಚೆಲ್ಲುವುದೊಂದೇ ದಾರಿ. ನಿವೃತ್ತಿಯಾದ ಹೊಸದರಲ್ಲಿ ದಂಪತಿಗಳು ಬರ್ಫದ ಪೆಟ್ಟಿಗೆಯೊಂದನ್ನು ನಂಬಿ ಸಿಯೆರಾ ಬೆಟ್ಟಗಳ ಪೂರ್ವಕ್ಕೆ, ಲೋನ್ ಪೈನ್ ಎಂಬ ಊರಿನ ಬಳಿಗೆ ಹೋಗಿದ್ದರು. ಮೂರನೆಯ ರಾತ್ರಿ ನೋಡಿದರೆ ಎರಡು ಸೀಸೆಗಳು ಬರ್ಫಕ್ಕೆ ಅಂಟಿಕೊಂಡು ಗಟ್ಟಿಯಾಗಿವೆ. ತೆರೆದಿದ್ದ ಸೀಸೆಯಲ್ಲಿ ಉಳಿದಿರುವುದು ಒಂದು ಹೊತ್ತಿಗಾಗುವಷ್ಟು. ಆ ರಾತ್ರಿ ರಾಯರು ನಿದ್ದೆ ಮಾಡಲಿಲ್ಲ. ಬೆಳಕು ಹರಿಯುವ ಮುನ್ನವೇ ಅರವತ್ತು ಮೈಲಿ ದೂರದ ಬಿಷಪ್ ಎಂಬ ಊರಿಗೆ ಹೋಗಿ, ಔಷಧದ ಅಂಗಡಿಯ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದರು.

"ಇನ್ನು ಸುತ್ತಾಟ ಸಾಕು ಅಂದ್ರೆ," ಎಂದರು ಶ್ರೀಮತಿಯವರು ಹಿಂದಿರುಗುವಾಗ, "ಸಾಕು ಅಂದುಬಿಡಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲವೆಂಬ ಮಾತನ್ನು ಹೆಂಗಸರು ಯಾವಾಗ ಆಡುತ್ತಾರೆಂಬುದು ನಲವತ್ತು ವರ್ಷ ಸಂಸಾರ ಮಾಡಿದವರಿಗೆ ತಿಳಿದೇ ಇರುತ್ತದೆ. ಆ ಚಳಿಗಾಲದಲ್ಲಿಯೇ ರಾಯರು ಬಳಸಿದ ಒಂದು ಫೋರ್ಡ್ ಟ್ರಾನ್ಸಿಟ್ ವ್ಯಾನನ್ನು ಕೊಂಡರು. ಒಂಬತ್ತಡಿ ಎತ್ತರದ ಗಾಡಿ. ಒಳಗೆ ನೆಟ್ಟಗೆ ನಿಲ್ಲಬಹುದು. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಒಂದೊಂದಾಗಿ ಬಂದವು. 12 ವೋಲ್ಟಿನ ಸಣ್ಣದೊಂದು ರೆಫ್ರಿಜಿರೇಟರೂ ಬಂದಿತು. ಉಳಿದದ್ದು ಅದಕ್ಕೆ ಉಣಿಸುವ ಪ್ರಶ್ನೆ.

ರಾಯರು ಕಾಗದ ಪೆನ್ಸಿಲು ಹಿಡಿದು ಕುಳಿತರು. ಪೆಟ್ಟಿಗೆ ಓಡುವಾಗ ಎಳೆಯುವುದು ಸುಮಾರು 50 ವಾಟ್. ದಿನದ ಮೂರನೆಯ ಒಂದು ಪಾಲು ಓಡಿದರೂ 400 ವಾಟ್-ಗಂಟೆ. ಸುಡುವ ಬೇಸಗೆಯಲ್ಲಿ 600. ದೀಪ, ಬೀಸಣಿಗೆ, ಫೋನುಗಳಿಗೆ ಇನ್ನೊಂದು 300. ಚಟ್ನಿ ರುಬ್ಬಲು ಮಿಕ್ಸಿ ಬೇಡವೇ? 750 ವಾಟಿನ ಮಿಕ್ಸಿ ಹತ್ತು ನಿಮಿಷ ತಿರುಗಿದರೆ 125. ಹೆಸರು ಕೇಳಿದರೆ ಹೆದರಿಕೆ ಹುಟ್ಟಿಸುವ ಮಿಕ್ಸಿ ನಿಜವಾಗಿ ಅಲ್ಪಾಹಾರಿ. ಸದ್ದಿಲ್ಲದೆ ಮೂಲೆಯಲ್ಲಿ ಕುಳಿತ ತಂಪುಪೆಟ್ಟಿಗೆಯೇ ಮನೆಯ ದೊಡ್ಡ ಹೊಟ್ಟೆ. ವಿದ್ಯುತ್ ಒಲೆಗೆ ಮಾತ್ರ ಅವರು ಅವಕಾಶ ಕೊಡಲಿಲ್ಲ. ಕಾಫಿಗೆ ಗ್ಯಾಸೇ ಸಾಕೆಂದು ತೀರ್ಮಾನವಾಯಿತು. ತಲಾ 100 ವಾಟಿನ ನಾಲ್ಕು ಫಲಕಗಳನ್ನು ಸೂರಿಗೆ ಸಮವಾಗಿ ಮಲಗಿಸಿದರೆ, ಕ್ಯಾಲಿಫೋರ್ನಿಯಾದ ಬೇಸಗೆಯಲ್ಲಿ ನಷ್ಟವೆಲ್ಲ ಕಳೆದು ದಿನಕ್ಕೆ 1500 ವಾಟ್-ಗಂಟೆಯಷ್ಟು ಹುಟ್ಟೀತು. ಸೂರ್ಯ ತಗ್ಗಿನಲ್ಲಿ ಸಾಗುವ ಚಳಿಗಾಲದಲ್ಲಿ ಅದರ ಅರ್ಧವೂ ಇಲ್ಲ. ಮೋಡ ಕವಿದ ಎರಡು ದಿನಗಳನ್ನು ತಳ್ಳಲು 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿಗೆ ವಾಟ್-ಗಂಟೆಯ ಲೆಕ್ಕ ಇಷ್ಟು ಚೆನ್ನಾಗಿ ಒಪ್ಪುತ್ತದೆಂದು ರಾಯರಿಗೆ ಮೊದಲು ತಿಳಿದಿರಲಿಲ್ಲ.

ಬೆಂಗಳೂರಿನಿಂದ ಫೋನು ಮಾಡಿದ ಅತ್ತಿಗೆ, "ಸೋಲಾರ್ ಹಾಕ್ತಿದ್ದೀರಂತೆ? ಸ್ನಾನಕ್ಕೆ ಬಿಸಿನೀರು ಧಾರಾಳ ಅನ್ನಿ!" ಎಂದು ಸಂತೋಷಪಟ್ಟರು. ಬೆಂಗಳೂರಿನ ತಾರಸಿಗಳ ಮೇಲೆ ಸೂರ್ಯನಿಗೆ ಬಹುಕಾಲ ವಹಿಸಿದ್ದುದು ನೀರು ಕಾಯಿಸುವ ಕೆಲಸವನ್ನೇ. ಈ ಫಲಕದ ಜಾತಿ ಬೇರೆ. ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು 1954ರ ಏಪ್ರಿಲ್‌ನಲ್ಲಿ ಲೋಕದ ಮುಂದಿಟ್ಟರು. ಬಿದ್ದ ಬೆಳಕಿನಲ್ಲಿ ಅದು ದಕ್ಕಿಸಿಕೊಂಡದ್ದು ನೂರಕ್ಕೆ ಆರು ಪಾಲು. ಅಂದು ಅದರಿಂದ ತಿರುಗಿಸಿದುದು ಒಂದು ಆಟದ ತೊಟ್ಟಿಲುಗಾಲಿಯನ್ನು. 1958ರಲ್ಲಿ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹ ಅಂಥ ಕೋಶಗಳನ್ನು ಹೊತ್ತು ಆಕಾಶಕ್ಕೇರಿ ಆರು ವರ್ಷ ಸದ್ದು ಕಳುಹಿಸಿತು. ಈಗ ಅಂಗಡಿಯಲ್ಲಿ ಸಿಗುವ ಫಲಕ ನೂರಕ್ಕೆ ಇಪ್ಪತ್ತು ಪಾಲು ದಕ್ಕಿಸಿಕೊಳ್ಳುತ್ತದೆ. 1958 ರಾಯರು ಹುಟ್ಟಿದ ವರ್ಷ. ಅದನ್ನವರು ಶ್ರೀಮತಿಯವರಿಗೆ ಹೇಳಿದರು. ಆಕೆ, "ಅದು ಆರೇ ವರ್ಷಕ್ಕೆ ಮಾತು ನಿಲ್ಲಿಸಿತಲ್ಲ, ಪುಣ್ಯ," ಎಂದರು.

ಫಲಕಗಳನ್ನು ಎಲ್ಲಿ ಕೂರಿಸಬೇಕೆಂಬುದಕ್ಕೇ ಒಂದು ತಿಂಗಳು ಹಿಡಿಯಿತು. ಫಲಕದ ಅಳತೆಗೆ ಹಳೆಯ ಪತ್ರಿಕೆಗಳನ್ನು ಕತ್ತರಿಸಿ, ಅಂಟಿಸಿ, ಸೂರಿನ ಮೇಲೆ ಹಾಸಿ, ಅಳೆದೂ ಸುರಿದೂ ನೋಡಿದರು. ನಡುವೆ ಗಾಳಿ ಹೊರದೂಡುವ ಬೀಸಣಿಗೆಯ ಮುಚ್ಚಳ ಎದ್ದು ನಿಂತಿದೆ. ಅದರ ನೆರಳು ಫಲಕದ ಮೇಲೆ ಬೀಳಬಾರದು. ಒಂದು ಅಂಗೈಯಗಲದ ನೆರಳಲ್ಲವೇ ಎಂದರೆ ಕೆಲಸ ಕೆಟ್ಟಿತು. ಫಲಕದೊಳಗಿನ ಕೋಶಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತವೆ. ಒಂದು ಕೋಶಕ್ಕೆ ಕತ್ತಲಾದರೆ ಅದರ ಸಾಲಿನ ಹರಿವೆಲ್ಲ ತಡೆಯುತ್ತದೆ. ಹಾಗಾದಾಗ ಪಕ್ಕದಿಂದ ದಾಟಿಹೋಗಲು ಡಯೋಡ್ ಎಂಬ ಕಳ್ಳದಾರಿಯನ್ನು ತಯಾರಕರು ಇಟ್ಟಿರುತ್ತಾರೆ, ನಿಜ. ಆದರೂ ಫಲಕದ ದೊಡ್ಡ ಪಾಲೊಂದು ದಂಡವಾಗುತ್ತದೆ. ಒಂದೇ ನೊಗದ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ಕುಂಟಲೇಬೇಕು. ಈ ಕಾರಣದಿಂದ ರಾಯರು ಬೀಸಣಿಗೆಯ ಮುಂದೆ ಎರಡು, ಹಿಂದೆ ಎರಡು ಎಂದು ಜೋಡಿ ಮಾಡಿದರು. ಜೋಡಿಯೊಳಗಿನ ಎರಡನ್ನು ಸಾಲಾಗಿ ಪೋಣಿಸಿ, ಎರಡು ಜೋಡಿಗಳನ್ನು ಪಕ್ಕಪಕ್ಕಕ್ಕೆ ಸೇರಿಸಿದರು. ಸಾಲಾಗಿ ಪೋಣಿಸಿದರೆ ವೋಲ್ಟೇಜು ಇಮ್ಮಡಿಯಾಗಿ, ಅದೇ ಶಕ್ತಿಯನ್ನು ಸಾಗಿಸಲು ತಂತಿಯಲ್ಲಿ ಅರ್ಧ ಹರಿವು ಸಾಕಾಗುತ್ತದೆ. ಹರಿವು ಅರ್ಧವಾದರೆ ತಂತಿ ಕಾಯ್ದು ಹಾಳಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಬಿಗಿಯುವುದರಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ಅಂಟಿನ ಪಟ್ಟಿಯೊಂದೇ ಸಾಕೆನ್ನುವವರೂ ಉಂಟು. ಆದರೆ ಗಂಟೆಗೆ 65 ಮೈಲಿ ವೇಗದಲ್ಲಿ ಓಡುವ ಗಾಡಿಯ ಮೇಲೆ ಗಾಳಿ ಫಲಕದ ಅಡಿಗೆ ನುಗ್ಗಿ ಎತ್ತುತ್ತಲೇ ಇರುತ್ತದೆ. ಕಿತ್ತು ಹಾರಿದರೆ ಹಿಂದೆ ಬರುವವರ ಗತಿ? ಸರಂಜಾಮಿನ ಚೌಕಟ್ಟಿಗೆಂದು ಕಾರ್ಖಾನೆಯವರೇ ಸೂರಿನ ಅಂಚುಗಳಲ್ಲಿ ಬಿಟ್ಟಿದ್ದ ನೆಲೆಗಳಿಗೆ ಅಲ್ಯೂಮಿನಿಯಂ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದು, ಅವುಗಳ ಮೇಲೆ ಫಲಕಗಳನ್ನು ಕೂರಿಸಿದರು. ತಗಡಿಗೂ ಫಲಕಕ್ಕೂ ನಡುವೆ ಒಂದಂಗುಲಕ್ಕೆ ಮಿಕ್ಕಿ ಸಂದು. ಗಾಳಿಯಾಡದಿದ್ದರೆ ಫಲಕ ಕಾಯುತ್ತದೆ, ಕಾದಷ್ಟೂ ಅದರ ದುಡಿಮೆ ಕುಗ್ಗುತ್ತದೆ. ಒಂದೊಂದು ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಕೆಂಪು ಬಣ್ಣದ ಗೆರೆ ಎಳೆದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಹೀಗೆ ಎಲ್ಲವೂ ತೂತಿಲ್ಲದೆ ಮುಗಿದು, ತಂತಿ ಒಳಗಿಳಿಯಲು ಒಂದೇ ಒಂದು ತೂತು ಉಳಿಯಿತು. ಮುಕ್ಕಾಲು ಅಂಗುಲದ್ದು.

ಮಗ ದೂರದೂರಿನಿಂದ ಫೋನಿನ ಪರದೆಯಲ್ಲಿ ನೋಡುತ್ತಿದ್ದನು. "ಅಪ್ಪ, ದುಡ್ಡು ಕೊಟ್ಟರೆ ಮಾಡಿಕೊಡೋರು ಇದ್ದಾರಲ್ಲ?"

"ತೂತು ಕೊರೆದು ಅವರು ಮನೆಗೆ ಹೋಗ್ತಾರೆ. ಅದರ ಕೆಳಗೆ ಮಲಗೋರು ನಾವು," ಎಂದರು ರಾಯರು. ಶ್ರೀಮತಿಯವರು ಏಣಿಯನ್ನು ಹಿಡಿದುಕೊಂಡು ಮೇಲೆ ನೋಡಿದರು. "ವಾರದಿಂದ ನೋಡ್ತಾ ಇದೀನಿ. ಕೊರೀರಿ ಅಂದ್ರೆ!"

ಕೊರೆದರು. ಕೆಲಸ ಅರ್ಧ ನಿಮಿಷದ್ದು. ಆಮೇಲಿನ ಉಪಚಾರ ಅರ್ಧ ದಿನದ್ದು. ಉಕ್ಕಿನ ಪುಡಿ ಒಂದು ಚೂರು ಉಳಿದರೂ ಮಂಜು ಬಿದ್ದು ತುಕ್ಕಾಗಿ ಬಣ್ಣವನ್ನು ತಿನ್ನುತ್ತದೆ. ಅದನ್ನು ಅಯಸ್ಕಾಂತದಿಂದ ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ತೂತಿನ ಅಂಚನ್ನು ಅರದಿಂದ ನುಣುಪು ಮಾಡಿ, ತುಕ್ಕು ತಡೆವ ಬಣ್ಣ ಹಚ್ಚಿದರು. ಅದು ಒಣಗಿದ ಮೇಲೆ ತಂತಿಗಳೆರಡನ್ನು ಬಿಗಿಹಿಡಿಯುವ ಟೊಪ್ಪಿಗೆಯಂಥ ಮುಚ್ಚಳವನ್ನು, ಬಾಯಿ ಹಿಮ್ಮುಖವಾಗಿರುವಂತೆ ಕೂರಿಸಿ, ಸುತ್ತಲೂ ಮೇಣದಂತಹ ಸೀಲು ಸುರಿದರು. ಹೊರಗಿನ ತಂತಿ ಮುಚ್ಚಳವನ್ನು ಹೊಗುವ ಮುನ್ನ ಒಂದಿಷ್ಟು ಕೆಳಗೆ ಜೋತು ಮೇಲೇರಬೇಕು. ಹಾಗಿದ್ದರೆ ತಂತಿಗುಂಟ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುವುದೇ ಹೊರತು ಒಳಗೆ ಬಾರದು. ಸೀಲು ಗಟ್ಟಿಯಾದ ಬಳಿಕ ತೋಟದ ಕೊಳವೆಯಿಂದ ಅರ್ಧ ಗಂಟೆ ನೀರು ಬಿಟ್ಟು ನೋಡಿದರು. ಹನಿ ಇಳಿಯಲಿಲ್ಲ. ಆದರೇನು, ಕೊಳವೆಯ ನೀರು ಮಳೆಯಾದೀತೇ?

ಒಳಗಿನ ತಂತಿಯ ಕೆಲಸದಲ್ಲಿ ಭಯ ಬೇರೆ ಬಗೆಯದು. ಸೌರಫಲಕಕ್ಕೆ ಗುಂಡಿಯಿಲ್ಲ, ಬೆಳಕಿರುವವರೆಗೆ ಅದು ಎಚ್ಚರವಾಗಿಯೇ ಇರುತ್ತದೆ. ಹರಿಯುತ್ತಿರುವಾಗ ಕೊಂಡಿ ಎಳೆದರೆ ಕಿಡಿ ಹೊತ್ತಿಕೊಳ್ಳುತ್ತದೆ. ಅದನ್ನು ಮಲಗಿಸಲು ಶ್ರೀಮತಿಯವರು ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದು ತವರಿನಿಂದ ತಂದ ನವಲಗುಂದದ ಜಮಖಾನವನ್ನು. ಅದನ್ನೂ ಒಂದು ಕಂಬಳಿಯನ್ನೂ ಫಲಕಗಳ ಮೇಲೆ ಹೊದಿಸಿ ಕತ್ತಲು ಮಾಡಿದರು. ಬ್ಯಾಟರಿಯ ಬದಿಯಲ್ಲೇ ಫ್ಯೂಸು ಇಟ್ಟರು. ತಂತಿ ಎಲ್ಲಿ ಉಜ್ಜಿ ಹರಿದರೂ ಬೆಂಕಿಗೆ ಮುನ್ನ ಅದು ಕರಗಬೇಕು. ಫಲಕದ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸುವ ನಿಯಂತ್ರಕಕ್ಕೆ ಮೊದಲು ಬ್ಯಾಟರಿಯ ತಂತಿ, ಆಮೇಲೆ ಫಲಕದ್ದು. ಬಿಚ್ಚುವಾಗ ಅದರ ತಿರುವು. ಈ ಸಾಲನ್ನು ರಾಯರು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ನಡುಹಗಲಿನಲ್ಲಿ ಜಮಖಾನವನ್ನು ಮಡಿಚಿದೊಡನೆ ಸೊನ್ನೆಯಲ್ಲಿದ್ದ ಅಂಕೆ 90, 180, 290 ಎಂದು ಏರಿತು. ಶ್ರೀಮತಿಯವರು ಏನೂ ಹೇಳದೆ ಔಷಧದ ಡಬ್ಬಿಯನ್ನು ತಂದು ತಂಪುಪೆಟ್ಟಿಗೆಯಲ್ಲಿಟ್ಟರು. ತಣ್ಣನೆಯ ತಟ್ಟೆಗೆ ತಾಗದಂತೆ, ನಡುವಿನ ಅಂತಸ್ತಿನಲ್ಲಿ.

ಜೂನಿನಲ್ಲಿ ಮತ್ತೆ ಲೋನ್ ಪೈನ್‌ಗೇ ಹೋದರು. ಬೇಸಗೆಯಲ್ಲಿ ಗಾಡಿಯನ್ನು ಮರದಡಿ ನಿಲ್ಲಿಸುವುದು ಸಹಜ ಬುದ್ಧಿ. ಸೂರಿನ ಮೇಲೆ ಫಲಕವಿದ್ದವರಿಗೆ ಆ ಬುದ್ಧಿ ನಡೆಯದು. ಗಾಡಿಯನ್ನು ಬಟ್ಟಬಯಲಲ್ಲಿ ಬಿಸಿಲಿಗೆ ನಿಲ್ಲಿಸಿ ದಂಪತಿಗಳು ದೂರದ ಮರದ ಕೆಳಗೆ ಕುರ್ಚಿ ಹಾಕಿಕೊಂಡರು. ಒಳಗಿನ ಉಷ್ಣಮಾಪಕ ಆರು ದಿನವೂ 4 ಡಿಗ್ರಿಯಿಂದ ಕದಲಲಿಲ್ಲ.

ಮಳೆಯ ಪರೀಕ್ಷೆ ಬಂದುದು ನವೆಂಬರಿನಲ್ಲಿ, ಉತ್ತರ ಕರಾವಳಿಯ ಫೋರ್ಟ್ ಬ್ರ್ಯಾಗ್ ಬಳಿ. ಸಂಜೆ ಹಿಡಿದ ಮಳೆ ಗಾಳಿಯೊಡನೆ ರಾತ್ರಿಯಿಡೀ ತಗಡಿನ ಮೇಲೆ ಬಡಿಯಿತು. ರಾಯರು ಮೂರು ಬಾರಿ ಎದ್ದರು. ಟಾರ್ಚು ಹಿಡಿದು, ಹಲಗೆಯ ಸಂದಿನಲ್ಲಿ ಕೈಯಿಟ್ಟು, ತಂತಿ ಇಳಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು.

"ಏನ್ರೀ ಅದು, ನಡುರಾತ್ರೀಲಿ?"

"ಏನಿಲ್ಲ, ಮಲಕ್ಕೋ."

ಬೆಳಿಗ್ಗೆ ಶ್ರೀಮತಿಯವರು ಎದ್ದಾಗಲೂ ಮಳೆ ಬಿಟ್ಟಿರಲಿಲ್ಲ. ಬ್ಯಾಟರಿಯ ಪೆಟ್ಟಿಗೆಯ ಮೇಲೆ, ಸರಿಯಾಗಿ ಆ ತೂತಿನ ನೇರಕ್ಕೆ, ಒಂದು ಸ್ಟೀಲಿನ ಲೋಟ ಕುಳಿತಿದ್ದಿತು. ಆಕೆ ಅದನ್ನೆತ್ತಿ ಒಳಗೆ ಬೆರಳಾಡಿಸಿದರು. ಒಣಗಿತ್ತು. ರಾಯರು ಕಿಟಕಿಯಾಚೆಯ ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಆಕೆ ಸೂಜಿ ಹಾಕಿಕೊಂಡು, ಗ್ಯಾಸು ಹೊತ್ತಿಸಿ, ಅದೇ ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಕೈಗಿತ್ತರು.