ನಾಮಾಂತರ

2014ನೆಯ ಇಸವಿಯ ನವೆಂಬರ್ 1ರಂದು ಆಂಗ್ಲ ಬರಹದ 'ಟುಮ್ಕೂರ್' ಎಂಬುದು ಕನ್ನಡದ ಉಚ್ಚಾರಣೆಯಂತೆ 'ತುಮಕೂರು' ಎಂದಾಯಿತು. ಊರಿನ ಅಂಚೆಯ ಪಿನ್ ಸಂಖ್ಯೆ 572101 ಮಾತ್ರ ಹಾಗೆಯೇ ಉಳಿಯಿತು. ಹಳೆಯ ಹೆಸರು ಬರೆದ ಕಾಗದಕ್ಕೂ ದಾರಿ ತೋರಲು ಅದಿತ್ತು.

ಲಿನಕ್ಸ್ ಗಣಕಯಂತ್ರದಲ್ಲಿಯೂ ಇಂಥ ನಾಮಾಂತರವುಂಟು. ಅಂತರಜಾಲವನ್ನು ತರುವ ಕಾರ್ಡಿಗೆ ಮೊದಲು 'ಈಥ್0' ಎಂದು ಹೆಸರಿರುತ್ತಿತ್ತು. 2013ರಲ್ಲಿ ಬಂದ ಸಿಸ್ಟಮ್‌ಡಿಯ 197ನೆಯ ಆವೃತ್ತಿಯು, ಕಾರ್ಡು ಕುಳಿತ ಸ್ಥಾನವನ್ನನುಸರಿಸಿ 'ಇಎನ್‌ಪಿ3ಎಸ್0' ಎಂಬಂಥ ಹೆಸರಿಡುವ ಪದ್ಧತಿಯನ್ನು ತಂದಿತು. ಹಳೆಯ ಯಂತ್ರದ ತಂತ್ರಾಂಶವನ್ನು ನವೀಕರಿಸಿದಾಗ ಕೆಲವೊಮ್ಮೆ ಹೆಸರು ಬದಲಾಗುತ್ತದೆ. ಏರ್ಪಾಡುಗಳಾದರೋ ಹಳೆಯ ಹೆಸರಿನಲ್ಲಿಯೇ ಕಡತದಲ್ಲಿರುತ್ತವೆ. ಅವು ಅಳಿದಿಲ್ಲ, ತಮ್ಮ ಒಡೆಯನನ್ನು ಕಾಣದೆ ಸುಮ್ಮನಿವೆ, ಅಷ್ಟೆ.

ಇದನ್ನರಿಯದೆ ಗುಬ್ಬಿಯ ಅಥವಾ ಕುಣಿಗಲಿನ ಗೃಹಸ್ಥರೊಬ್ಬರು ಎಲ್ಲವನ್ನೂ ಒರೆಸಿ ಹೊಸದಾಗಿ ಸ್ಥಾಪಿಸಹೊರಟರೆ, ಜಾಲವು ಬಂದೀತು. ಆದರೆ ಪ್ರತಿಯಿಟ್ಟುಕೊಳ್ಳದ ತಂದೆಯ ಬರಹಗಳೂ ಮಕ್ಕಳ ಚಿತ್ರಗಳೂ ಹೋದಾವು. ಆದುದರಿಂದ ಮೊದಲು 'ಐಪಿ ಲಿಂಕ್' ಎಂಬ ಆಜ್ಞೆಯನ್ನಿತ್ತು ಕಾರ್ಡಿನ ಈಗಿನ ಹೆಸರನ್ನು ನೋಡತಕ್ಕದ್ದು. ಕಡತದಲ್ಲಿರುವ ಹೆಸರು ಬೇರೆಯಾಗಿದ್ದರೆ ಅದನ್ನು ತಿದ್ದಿ ಯಂತ್ರವನ್ನು ಮರಳಿ ಆರಂಭಿಸಬೇಕು. ಹೆಸರಿಗೆ ಬದಲಾಗಿ, ಕಾರ್ಡಿನೊಡನೆಯೇ ಬರುವ ಹನ್ನೆರಡು ಅಂಕಾಕ್ಷರಗಳ ಮ್ಯಾಕ್ ವಿಳಾಸಕ್ಕೆ ಏರ್ಪಾಡುಗಳನ್ನು ಹೊಂದಿಸಿದರೆ, ಊರಿನ ಪಿನ್ ಸಂಖ್ಯೆಯಂತೆ, ಮುಂದಿನ ನಾಮಾಂತರದಲ್ಲಿಯೂ ಅವು ಕೆಡುವುದಿಲ್ಲ.